ದೊರೆ ಕೂತರೆ ಮುಗ್ಗರಿಸುವ ಕಾರು

“ಬಿಲ್ಲಗೊಂಡಿಯ ಪ್ರಜೆಗಳು ಕೇಳತಕ್ಕದ್ದು. ದೊರೆ ರಣಮಲ್ಲರ ಕಾರಿನ ವಿಷಯದಲ್ಲಿ ಮೂರು ಒಗಟುಗಳಿವೆ. ಮೂರನ್ನೂ ಬಿಡಿಸಿದವನಿಗೆ ಅರ್ಧ ರಾಜ್ಯ. ಒಂದರಲ್ಲಿ ತಪ್ಪಿದರೂ ತಲೆದಂಡ. ಉತ್ತರ ಸರಿಯೋ ತಪ್ಪೋ ಎಂಬುದನ್ನು ಕಾರೇ ತೀರ್ಮಾನಿಸುತ್ತದೆ.”

ಡಂಗುರದ ಕೊನೆಯ ಸಾಲು ಕೇಳಿದಾಗ ಗಾದಿಲಿಂಗನಿಗೆ ವಿಷಯ ತಿಳಿದುಹೋಯಿತು. ದೊರೆಗೇ ಉತ್ತರ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬಡವ ಕೇಳಿದರೆ ಪ್ರಶ್ನೆ. ತಲೆ ತೆಗೆಸಬಲ್ಲವನು ಕೇಳಿದರೆ ಒಗಟು. ಗಾದಿಲಿಂಗ ಬಾವಿಯ ಮೋಟರುಗಳಿಗೆ ತಂತಿ ಸುತ್ತಿ ಬದುಕುವವನು. ಅರ್ಧ ರಾಜ್ಯದ ಆಸೆ ಅವನಿಗೂ ಇತ್ತು, ತಲೆಯ ಮೇಲಿನ ಆಸೆ ಅದಕ್ಕಿಂತ ಹೆಚ್ಚಿತ್ತು. ಹಾಗಾಗಿ ಮನೆಯಲ್ಲೇ ಉಳಿದ.

ಮೂವರು ತಾವಾಗಿ ಹೋದರು, ಮೂವರೂ ಮರಳಲಿಲ್ಲ. ನಾಲ್ಕನೆಯವರು ಯಾರೂ ಬಾರದಿದ್ದಾಗ, ತಂತಿಯ ಕೆಲಸ ಬಲ್ಲವನೆಂಬ ಒಂದೇ ಕಾರಣಕ್ಕೆ ಸೈನಿಕರು ಗಾದಿಲಿಂಗನ ಕುತ್ತಿಗೆಗೆ ಹಗ್ಗ ಹಾಕಿ, ಕೈಯಲ್ಲಿ ಅವನವೇ ಎರಡು ಮೀಟರುಗಳನ್ನು ಕೊಟ್ಟು, ಅರಮನೆಯ ಅಂಗಳಕ್ಕೆ ಎಳೆತಂದರು. ಹಗ್ಗದ ಇನ್ನೊಂದು ತುದಿ ತಲೆ ಕಡಿಯುವ ಕಟುಕನ ಕೈಯಲ್ಲಿತ್ತು.

“ಪಂಪು ರಿಪೇರಿಯವನಾ?” ದೊರೆ ಮೂಗು ಮುರಿದ. “ಸರಿ, ಕೇಳು. ನನ್ನ ಕಾರಿನ ಆಕ್ಸಿಲರೇಟರ್ ಪೆಡಲಿನಲ್ಲಿ ಇಬ್ಬರು ಬೇಹುಗಾರರಿದ್ದಾರೆ. ನಾನು ಎಷ್ಟು ತುಳಿದೆ ಎಂದು ಇಬ್ಬರೂ ವರದಿ ಕಳಿಸುತ್ತಾರೆ. ಒಬ್ಬ ಹೇಳಿದ್ದರಲ್ಲಿ ಅರ್ಧವನ್ನಷ್ಟೇ ಇನ್ನೊಬ್ಬ ಹೇಳುತ್ತಾನೆ. ಸುಳ್ಳುಗಾರ ಯಾರು?”

ಮೂವರಲ್ಲಿ ಮೊದಲು ಹೋದ ಅರಮನೆಯ ಮೇಸ್ತ್ರಿ ಸೋತದ್ದು ಇಲ್ಲೇ. ಅರ್ಧ ಹೇಳುವವನೇ ಸುಳ್ಳುಗಾರ ಎಂದು ಇಡೀ ಪೆಡಲನ್ನೇ ಬದಲಿಸಿದ್ದ. ಹೊಸ ಪೆಡಲೂ ಹಾಗೆಯೇ ನುಡಿಯಿತು.

ಗಾದಿಲಿಂಗ ಬಗ್ಗಿ, ದೊರೆ ಬೇಹುಗಾರರೆಂದ ಎರಡು ಸೆನ್ಸರುಗಳ ತಂತಿಗಳಿಗೂ ಒಂದೊಂದು ಮೀಟರು ಸಿಕ್ಕಿಸಿ, ಪೆಡಲನ್ನು ಕೈಯಿಂದ ಒತ್ತಿದ. ಮೊದಲ ಮೀಟರಿನ ಮುಳ್ಳು ಎರಡಕ್ಕೆ ಬಂದಾಗ ಎರಡನೆಯದು ಒಂದಕ್ಕೆ ಬಂತು. ಅದು ನಾಲ್ಕಕ್ಕೇರಿದಾಗ ಇದು ಎರಡಕ್ಕೆ.

“ಯಾರೂ ಅಲ್ಲ, ಬುದ್ಧಿ. ಅವರ ಒಪ್ಪಂದವೇ ಹಾಗೆ. ಒಬ್ಬ ಕೆಟ್ಟರೆ ಲೆಕ್ಕ ತಪ್ಪುತ್ತದೆ, ಆಗ ಗೊತ್ತಾಗಲಿ ಅಂತ ಇಬ್ಬರನ್ನಿಟ್ಟಿದ್ದು.”

ದೊರೆಗೆ ಮೆಚ್ಚುವ ಅಭ್ಯಾಸವಿರಲಿಲ್ಲ. ಎರಡನೆಯದನ್ನು ಕೇಳಿದ.

“ಒಮ್ಮೊಮ್ಮೆ ಆ ಇಬ್ಬರ ಮಾತು ತಾಳೆಯಾಗುವುದಿಲ್ಲ. ಆಗ ಒಳಗಿನ ಮಂತ್ರಿ, ಆ ಕಂಪ್ಯೂಟರು, ಇಬ್ಬರನ್ನೂ ನಂಬದೆ ನನ್ನ ಕಾರನ್ನು ಎತ್ತಿನಗಾಡಿ ಮಾಡುತ್ತಾನೆ. ಬೇಹುಗಾರರನ್ನು ಬದಲಿಸಿದೆ, ಮಂತ್ರಿಯನ್ನೂ ಬದಲಿಸಿದೆ. ಜಗಳ ಮಾತ್ರ ಅದೇ. ಇನ್ನು ಯಾರನ್ನು ಕೊಲ್ಲಲಿ?”

ಮಂತ್ರಿಯನ್ನು ಬದಲಿಸಿದವನು ಎರಡನೆಯವನಾಗಿ ಹೋದ, ಹೊರದೇಶದಲ್ಲಿ ಓದಿ ಬಂದ ಪಂಡಿತ. ಅಲ್ಲಿಯ ಪದವಿ ಇಲ್ಲಿಯ ಕೊಡಲಿಯನ್ನು ತಡೆಯಲಿಲ್ಲ.

“ದಾರಿಯನ್ನು ನೋಡಬೇಕು,” ಎಂದ ಗಾದಿಲಿಂಗ. “ಹೇಳುವವನೂ ಸರಿ, ಕೇಳುವವನೂ ಸರಿ ಇದ್ದರೆ, ವರದಿ ಕೆಡುವುದು ನಡುದಾರಿಯಲ್ಲಿ. ಅಂದರೆ ತಂತಿಯಲ್ಲಿ.”

“ಎಲ್ಲಿ?”

“ಮೂರನೆಯದನ್ನು ಕೇಳಿ, ಹೇಳುತ್ತೇನೆ.”

ಆಸ್ಥಾನದವರು ಹಲ್ಲು ಕಡಿದರು. ಕಟುಕ ಹಗ್ಗವನ್ನು ಸ್ವಲ್ಪ ಬಿಗಿ ಮಾಡಿದ.

“ಸಾರಥಿ ಕೂತರೆ ಕಾರು ಓಡುತ್ತದೆ. ರಾಣಿ ಕೂತರೂ ಓಡುತ್ತದೆ. ನಾನು ಕೂತರೆ ಮುಗ್ಗರಿಸುತ್ತದೆ. ಯಾಕೆ?”

ಮೂರನೆಯವನಾಗಿ ಹೋದ ಜೋಯಿಸ ಇದಕ್ಕೆ, ತಮ್ಮ ತೇಜಸ್ಸಿಗೆ ಯಂತ್ರವೂ ನಡುಗುತ್ತದೆ ಎಂದಿದ್ದ. ದೊರೆಗೆ ಬಹಳ ಹಿಡಿಸಿತ್ತು. ಆದರೆ ಕಾರು ಮರುದಿನವೂ ಮುಗ್ಗರಿಸಿತು. ಜೋಯಿಸನ ತಲೆಯನ್ನು ರೇಷ್ಮೆಯಲ್ಲಿ ಸುತ್ತಿ ಮನೆಗೆ ಕಳಿಸಿದ್ದರು.

ಗಾದಿಲಿಂಗ ದೊರೆಯನ್ನು ಕೂರಲು ಕೇಳಿಕೊಂಡ. ದೊರೆ ಕೂತು ಪೆಡಲು ತುಳಿದ. ಅವನ ಸೊಂಟದ ಉದ್ದದ ಪಟ್ಟದ ಕತ್ತಿ ಒರೆಯ ಸಮೇತ ಬಾಗಿಲ ಬದಿಗೆ ಜಾರಿ, ಪೆಡಲಿನ ಪಕ್ಕದ ತಂತಿಕಟ್ಟಿಗೆ ತುದಿ ಊರಿ ನಿಂತಿತು. ಎರಡನೆಯ ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು.

ಉತ್ತರ ಕಣ್ಣೆದುರಿಗಿತ್ತು. ತೊಂದರೆ ಇದ್ದದ್ದೂ ಅಲ್ಲೇ. ಬಿಲ್ಲಗೊಂಡಿಯಲ್ಲಿ ಪಟ್ಟದ ಕತ್ತಿಯ ಮೇಲೆ ದೂರು ಹೇಳುವುದು ರಾಜದ್ರೋಹ. ತಪ್ಪು ಹೇಳಿದರೂ ತಲೆ ಹೋಗುತ್ತದೆ, ಸರಿ ಹೇಳಿದರೂ ಹೋಗುತ್ತದೆ. ಸತ್ತ ಮೂವರಲ್ಲಿ ಒಬ್ಬನಾದರೂ ಇದನ್ನು ಕಂಡು ಬಾಯಿ ಮುಚ್ಚಿಕೊಂಡಿದ್ದನೋ ಏನೋ, ಕೇಳಲು ಅವರಿರಲಿಲ್ಲ.

ಗಾದಿಲಿಂಗ ಮೀಟರನ್ನು ದೊರೆಯ ಮುಖಕ್ಕೆ ಹಿಡಿದ.

“ಮುಳ್ಳು ನೋಡುತ್ತಿರಿ, ಬುದ್ಧಿ. ಬಲಗಡೆ ಇರುವುದನ್ನು ಸ್ವಲ್ಪ ಮೇಲೆತ್ತಿ.”

ದೊರೆ ಎತ್ತಿದ. ಮುಳ್ಳು ಎದ್ದಿತು. ಇಳಿಸಿದ. ಬಿತ್ತು. ಮತ್ತೆ ಎತ್ತಿದ, ಮತ್ತೆ ಇಳಿಸಿದ. ಐದನೆಯ ಸಲಕ್ಕೆ ಅವನ ಕಿವಿ ಕೆಂಪಾಯಿತು.

“ಯಾಕೆಂದು ಹೇಳು,” ಎಂದ ಹಲ್ಲುಗಳ ನಡುವಿನಿಂದ.

“ನಾನು ಹೇಳುವಂತಿಲ್ಲ. ಅದು ತಮ್ಮ ಸೊಂಟದಲ್ಲಿರುವ ತನಕ ಹೇಳುವಂತಿಲ್ಲ.”

ದೊರೆ ಕಟುಕನನ್ನು ನೋಡಿದ, ಕಾರನ್ನು ನೋಡಿದ. ಕಾರಿನ ಆಸೆ ದೊಡ್ಡದಿತ್ತು. ಸೊಂಟದ ಪಟ್ಟಿ ಬಿಚ್ಚಿ, “ನಿನ್ನ ಜಾಣತನಕ್ಕೆ ಮೆಚ್ಚಿ ಕೊಟ್ಟೆ,” ಎಂದು ಕತ್ತಿಯನ್ನು ಅವನತ್ತ ಎಸೆದ. ಕೊಟ್ಟ ಕತ್ತಿ ಪಟ್ಟದ ಕತ್ತಿಯಲ್ಲ. ಅದರ ಮೇಲಿನ ದೂರು ದ್ರೋಹವೂ ಅಲ್ಲ.

ಆಗ ಗಾದಿಲಿಂಗ ಬಿಡಿಸಿ ಹೇಳಿದ. ಒರೆಯ ತುದಿ ದಿನವೂ ಒತ್ತಿ ಒತ್ತಿ ತಂತಿಯ ಹೊದಿಕೆ ಸವೆದಿದೆ, ಒಳಗಿನ ಎಳೆ ಕಡಿದಿದೆ. ಕತ್ತಿ ಒತ್ತಿದಾಗ ಎಳೆ ಅಗಲುತ್ತದೆ, ಒಬ್ಬ ಬೇಹುಗಾರನ ವರದಿ ನಿಲ್ಲುತ್ತದೆ, ಮಂತ್ರಿಗೆ ಅನುಮಾನ ಬರುತ್ತದೆ. ಸಾರಥಿಗೂ ರಾಣಿಗೂ ಕತ್ತಿಯಿಲ್ಲ. ಪೆಡಲು ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಇಷ್ಟು ಹೇಳಿ, ಕಡಿದ ಎಳೆಯನ್ನು ಬೆಸೆದು, ಟೇಪು ಸುತ್ತಿ, ತಂತಿಯನ್ನು ಕಾರಿನ ಒಳಬದಿಗೆ ಎತ್ತರದಲ್ಲಿ ಬಿಗಿದ.

ದೊರೆ ಕೋಟೆಯ ಏರನ್ನು ಒಂದೇ ಉಸಿರಿಗೆ ಹತ್ತಿ ಇಳಿದು ಬಂದ. ಕಾರು ತೀರ್ಮಾನ ಕೊಟ್ಟಿತ್ತು. ಕಟುಕ ಹಗ್ಗ ಬಿಚ್ಚಿದ.

“ತಲೆ ಉಳಿಯಿತಲ್ಲ, ಹೋಗು,” ಎಂದ ದೊರೆ. ಅರ್ಧ ರಾಜ್ಯದ ಮಾತನ್ನು ಅವನೂ ಎತ್ತಲಿಲ್ಲ, ಆಸ್ಥಾನದಲ್ಲಿ ಇನ್ನಾರೂ ಎತ್ತಲಿಲ್ಲ.

ಗಾದಿಲಿಂಗ ಮೀಟರುಗಳನ್ನು ಚೀಲಕ್ಕೆ ಹಾಕಿದ. ಕತ್ತಿಯನ್ನು ಒರೆಯಿಂದ ಹೊರಗೆ ತೆಗೆದು, ಅಂಚನ್ನು ಹೆಬ್ಬೆರಳಿನಿಂದ ನೋಡಿದ. ಚೆನ್ನಾಗಿ ಮಸೆದಿದ್ದರು.

“ಅರ್ಧ ಎಂದರೆ ಯಾವುದು, ಬುದ್ಧಿ? ಹೊಳೆಯ ಈಚೆಯದೋ ಆಚೆಯದೋ?”

ದೊರೆಯ ಕೈ ಅಭ್ಯಾಸಬಲದಿಂದ ಸೊಂಟಕ್ಕೆ ಹೋಯಿತು. ಅಲ್ಲೇನೂ ಇರಲಿಲ್ಲ.

“ಈಚೆಯದು,” ಎಂದ.