ಕೀಲಿನ ಪಾದ

ಹೊಳೆಯ ದಂಡೆಯ ಆಶ್ರಮದಲ್ಲಿ ಒಬ್ಬರು ಸ್ವಾಮಿಗಳಿದ್ದರು; ಎಲ್ಲರಿಗೂ ಅವರು ಅಜ್ಜಾರು. ಕಾಲು ಕಳೆದುಕೊಂಡು ಬಂದವರಿಗೆ ಕೃತಕ ಕಾಲು ಮಾಡಿಕೊಡುವುದೇ ಅವರ ಪೂಜೆ, ಅದೇ ಅವರ ಪ್ರವಚನ.

ದಾಕ್ಷಾಯಿಣಿ ಎರಡು ವರ್ಷದಿಂದ ಅವರ ಶಿಷ್ಯೆ. ಪಿಯುಸಿ ಮುಗಿಯುತ್ತಾ ಬಂದಿತ್ತು. ಬಯೋಮೆಡಿಕಲ್ ಎಂಜಿನಿಯರಿಂಗ್ ಓದಿ ಇದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಬೇಕೆಂಬುದು ಅವಳ ಒಂದೇ ಆಸೆ. ಆದರೆ ಜೆಇಇ, ಸಿಇಟಿ ಎರಡರ ಪುಸ್ತಕಗಳ ನಡುವೆ ಸಿಕ್ಕಿ ಅವಳಿಗೆ ಊಟವೂ ರುಚಿಸುತ್ತಿರಲಿಲ್ಲ.

“ಅಜ್ಜಾರ, ಎರಡಕ್ಕೂ ಓದಾಕ ಹೋಗಿ ಯಾವ್ದೂ ತಲಿಗೆ ಹತ್ತವಲ್ದು. ಉಳದದ್ದು ಎರಡ ತಿಂಗಳು. ಒಂದನ್ನ ಬಿಡಬೇಕು. ಯಾವ್ದು ಬಿಡ್ಲಿ?”

“ಮೊದ್ಲ ಕರೆಪ್ಪಗ ಒಂದು ಪಾದ ಆರಿಸಿ ಕೊಡು,” ಅಂದರು ಅಜ್ಜಾರು.

ಹೊಳೆಯ ಉಸುಕಿನಲ್ಲಿ ಸೌತೆ ಬೆಳೆಯುವ ಕರೆಪ್ಪ ಒಂದು ಪಾದ ಕಳೆದುಕೊಂಡು ಬಂದು ಬಾಗಿಲಲ್ಲೇ ಕೂತಿದ್ದ. ದಾಕ್ಷಾಯಿಣಿ ಅಳತೆ ತೆಗೆದುಕೊಂಡಳು. ಕಪಾಟಿನ ಮೇಲಿನ ಹಲಗೆಯಿಂದ, ಕೀಲಿನಲ್ಲಿ ಮಡಚುವ ಪೇಟೆಯಿಂದ ತಂದ ಪಾದವನ್ನು ಇಳಿಸಿದಳು. ಅಲ್ಲಿದ್ದುದರಲ್ಲಿ ಅದಕ್ಕಿಂತ ಚೆಂದದ್ದಿರಲಿಲ್ಲ.

ಕರೆಪ್ಪ ಅಂಗಳದಲ್ಲಿ ಸರಾಗವಾಗಿ ನಡೆದ. ದಾಕ್ಷಾಯಿಣಿಗೆ ಹಿಗ್ಗೋ ಹಿಗ್ಗು. ಅವನು ಉಸುಕಿಗಿಳಿದ. ನಾಲ್ಕು ಹೆಜ್ಜೆಗೆ ಕೀಲಿನೊಳಗೆ ಉಸುಕು ಸೇರಿತು. ಐದನೆಯ ಹೆಜ್ಜೆಗೆ ಮುಗ್ಗರಿಸಿ ಬಿದ್ದ.

ಅವಳು ಓಡಿ ಹೋಗಿ ಎಬ್ಬಿಸಿದಳು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

“ತಪ್ಪಾತು ಕಾಕಾ.”

“ಇರ್ಲಿ ಬಿಡವ್ವಾ. ಉಸುಕು ಮೆತ್ತಗೈತಿ.”

ಅಜ್ಜಾರು ಕೇಳಿದರು, “ಅಳತಿ ತಗೊಂಡಿ, ಖರೆ. ಎಲ್ಲಿ ನಡಿಯಾಂವ ಅಂತ ಕೇಳಿದೇನು?”

ಕೇಳಿರಲಿಲ್ಲ. ಅವಳು ಕೀಲಿಲ್ಲದ, ಅಗಲ ಅಂಗಾಲಿನ ರಬ್ಬರ್ ಪಾದ ತಂದು ಜೋಡಿಸಿದಳು. ಕರೆಪ್ಪ ತನ್ನ ಸೌತೆ ಬಳ್ಳಿಗಳ ತನಕ ನಿಲ್ಲದೆ ನಡೆದುಹೋದ.

“ಈಗ ಹೇಳು. ನೀ ಎಲ್ಲಿಗೆ ಹೋಗಾಕಿ?”

“ಕಾಲು ಮಾಡೋದನ್ನ ಚೊಲೋ ಕಲಿಸೋ ಕಾಲೇಜು ಒಂದೈತ್ರಿ. ಅಲ್ಲಿಗೇ ಹೋಗಬೇಕು. ಅಲ್ಲಿ ಸೇರಾಕ ಸಿಇಟಿ ಸಾಕು.”

“ಮತ್ತ ಆ ಇನ್ನೊಂದು?”

“ಜೆಇಇ ಬಿಟ್ರ, ದೊಡ್ಡ ಪರೀಕ್ಷೆಗೆ ಅಂಜಿ ಬಿಟ್ಳು ಅಂತ ಮಂದಿ ಆಡ್ಕೋತಾರ್ರೀ.”

ಅಜ್ಜಾರು ಕೀಲಿನ ಪಾದದ ಉಸುಕು ಕೊಡವಿ ಬದಿಗಿಟ್ಟರು. ಅಳತೆಯ ಟೇಪನ್ನು ಅವಳ ಕೈಗೆ ಕೊಟ್ಟರು.

“ಹಂಗಾದ್ರ ಹೋಗು. ನೀ ನಡಿಯೋ ಹಾದಿಗೆ ಆ ಮಂದಿ ಕಾಲಿನ ಅಳತಿ ತಗೊಂಡು ಬಾ.”