ಗಿರಣಿಯವನಿಗೆ ಸಾಕ್ಷಿ ಬೇಕಾಯಿತು

"ಗುರುಗಳೇ, ನಾಳೆ ಹಿರಿಯರ ಮುಂದೆ ನನ್ನ ಪರವಾಗಿ ಒಂದು ಮಾತು ಹೇಳುತ್ತೀರಾ?" ಎಂದು ಶಿಷ್ಯ ಕೇಳಿದ.

ಮಠದ ಕೊಟ್ಟಿಗೆಗೆ ಚಿರತೆ ನುಗ್ಗಿ ಕರುವೊಂದನ್ನು ಹೊತ್ತುಕೊಂಡು ಹೋಗಿತ್ತು. ಬಾಗಿಲಿಗೆ ಅಗಳಿ ಹಾಕುವ ಸರದಿ ಅಂದು ಈ ಶಿಷ್ಯನದಾಗಿತ್ತು. ಹಾಕಿದ್ದೆ ಎಂದು ಅವನು ಹೇಳುತ್ತಿದ್ದ. ಹಾಕಿರಲಿಲ್ಲ ಎಂದು ಉಳಿದವರು ಹೇಳುತ್ತಿದ್ದರು. ಯಾರೂ ನೋಡಿರಲಿಲ್ಲ. ಹಿರಿಯರು ಅವನದೇ ತಪ್ಪು ಎಂದರೆ ಅವನು ಗಂಟು ಕಟ್ಟಿಕೊಂಡು ಮಠ ಬಿಡಬೇಕಾಗಿತ್ತು.

"ಏನೆಂದು ಹೇಳಲಿ?" ಎಂದರು ಗುರು.

"ನಾನು ಅಂಥವನಲ್ಲ ಎಂದು."

ಗುರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಊರಿಗೆಲ್ಲ ಅದೊಂದೇ ಗಿರಣಿ. ಆದ್ದರಿಂದ ಅವನು ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆ ಏಳುತ್ತಿರಲಿಲ್ಲ. ರೊಟ್ಟಿ ತಿನ್ನುವವರೆಲ್ಲ ಅವನ ಬಾಗಿಲಿಗೆ ಬರುತ್ತಿದ್ದರು. ಬರುವವರೆಲ್ಲ ತನ್ನ ಮೇಲಿನ ಪ್ರೀತಿಗೆ ಬರುತ್ತಾರೆಂದು ಅವನು ತಿಳಿದಿದ್ದ.

ಒಂದು ಸಂಜೆ ಗಿರಣಿಯ ಒಳಗೆ ಅವನಿಗೂ ಮೂಟೆ ಹೊರುವ ಹಮಾಲನಿಗೂ ಮಾತಿಗೆ ಮಾತು ಬೆಳೆಯಿತು. ಹಮಾಲ ಹಣೆ ಒಡೆದುಕೊಂಡು ಹೊರಗೆ ಬಂದ. ಗಿರಣಿಯವನು ಅಳೆಯುವ ಸೇರಿನಿಂದ ಹೊಡೆದನೆಂದು ಠಾಣೆಗೆ ಹೋಗಿ ಬರೆಸಿದ. ನಾನು ಮುಟ್ಟಲೂ ಇಲ್ಲ, ಚೆಲ್ಲಿದ ಹಿಟ್ಟಿನ ಮೇಲೆ ಕಾಲು ಜಾರಿ ಯಂತ್ರಕ್ಕೆ ಬಡಿದುಕೊಂಡ ಎಂದು ಗಿರಣಿಯವನು ಹೇಳಿದ. ಗಿರಣಿಯವನು ಹೇಳಿದ್ದೇ ನಿಜ. ಆದರೆ ಒಳಗಿದ್ದವರು ಅವರಿಬ್ಬರೇ. ಒಬ್ಬನ ಹಣೆಯ ಮೇಲೆ ಗಾಯವಿತ್ತು, ಇನ್ನೊಬ್ಬನ ಬಳಿ ನಿಜ ಬಿಟ್ಟು ಬೇರೇನೂ ಇರಲಿಲ್ಲ.

ಮೊಕದ್ದಮೆ ಸಣ್ಣದು. ಜೈಲಿಗೆ ಕಳಿಸುವಂಥದ್ದಲ್ಲ. ಆದರೆ ತಪ್ಪಿತಸ್ಥ ಎಂದು ತೀರ್ಪಾದರೆ ಪುರಸಭೆ ಗಿರಣಿಯ ಪರವಾನಗಿ ಕಿತ್ತುಕೊಳ್ಳುತ್ತಿತ್ತು. ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ.

ಜಿಲ್ಲೆಯಿಂದ ದೊಡ್ಡ ವಕೀಲರನ್ನು ಕರೆಸು ಎಂದು ಅವನ ಭಾವಮೈದುನ ಹೇಳಿದ. ಗಿರಣಿಯವನು ಒಪ್ಪಲಿಲ್ಲ. "ಅವರಿಗೆ ನಾನು ಎಂಥವನೆಂದು ಏನು ಗೊತ್ತು? ನಮ್ಮ ಊರಿನ ವಕೀಲರೇ ಸಾಕು. ಎದುರು ಮನೆಯವರು. ಚಿಕ್ಕಂದಿನಿಂದ ನನ್ನನ್ನು ನೋಡಿದವರು" ಎಂದ.

ಊರಿನ ವಕೀಲ ವಕಾಲತ್ತಿಗೆ ಸಹಿ ಹಾಕಿಸಿಕೊಂಡ. ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ, "ನಮ್ಮ ಬೀದಿಯ ಇಬ್ಬರು ಮರ್ಯಾದಸ್ಥರನ್ನು ಕರೆದುಕೊಂಡು ಬಾ. ಇವನು ಕೈ ಎತ್ತುವವನಲ್ಲ ಎಂದು ಪ್ರಮಾಣ ಮಾಡಿ ಹೇಳಲಿ. ನೆಂಟರು ಬೇಡ" ಎಂದ.

"ಇಬ್ಬರೇ? ಇಡೀ ಬೀದಿಯನ್ನೇ ಕರೆದುಕೊಂಡು ಬರುತ್ತೇನೆ."

"ಇಬ್ಬರು ಸಾಕು" ಎಂದ ವಕೀಲ.

ಗಿರಣಿಯವನು ಮೊದಲು ದರ್ಜಿಯ ಅಂಗಡಿಗೆ ಹೋದ. ದರ್ಜಿ ಎದ್ದು ನಿಂತ. "ನಿಮಗೆ ಹೀಗಾಗಬಾರದಿತ್ತು ಸಾಹುಕಾರರೇ" ಎಂದ. ಕಾಫಿ ತರಿಸಿದ. ಕೋರ್ಟಿಗೆ ಬಂದು ಒಂದು ಮಾತು ಹೇಳು ಎಂದಾಗ ಕತ್ತರಿಯನ್ನು ಎತ್ತಿಕೊಂಡ. "ಮದುವೆ ಸೀಜನ್ನು. ಮಿಷನ್ ಬಿಟ್ಟು ಏಳುವ ಹಾಗಿಲ್ಲ" ಎಂದ. ಮಿಷನ್ನಿನ ಮೇಲೆ ಬಟ್ಟೆ ಇರಲಿಲ್ಲ.

ಅಲ್ಲಿಂದ ಹಳೆಯ ಹೆಡ್ಮಾಸ್ತರರ ಮನೆಗೆ ಹೋದ. ಅವರೂ ಕಾಫಿ ಕೊಟ್ಟರು. "ನೀನು ಹಿಟ್ಟನ್ನು ನುಣ್ಣಗೆ ಬೀಸುತ್ತೀಯಪ್ಪ. ಅದನ್ನು ಯಾವ ಕೋರ್ಟಿನಲ್ಲಾದರೂ ಹೇಳುತ್ತೇನೆ" ಎಂದರು.

"ಹಿಟ್ಟಿನ ಮಾತಲ್ಲ ಮೇಷ್ಟ್ರೇ, ನನ್ನ ನಡತೆಯ ಮಾತು."

"ನಡತೆಯ ಸರ್ಟಿಫಿಕೇಟು ಬರೆದುಕೊಡುತ್ತಿದ್ದೆ. ಈಗ ರಿಟೈರ್ ಆಗಿದ್ದೇನಲ್ಲ."

ಹೀಗೆ ಅವನು ಬೀದಿಯ ಎರಡೂ ಸಾಲು ತಿರುಗಿದ. ಒಬ್ಬರಿಗೆ ಮಂಡಿನೋವು. ಒಬ್ಬರಿಗೆ ಊರಿಗೆ ಹೋಗುವುದಿತ್ತು. ಒಬ್ಬರು ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲವೆಂದು ದೇವರಿಗೆ ಹರಕೆ ಹೊತ್ತಿದ್ದರಂತೆ. ನೀನು ಕೆಟ್ಟವನು ಎಂದು ಯಾರೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಎಲ್ಲರೂ ಕಾಫಿ ಕೊಟ್ಟರು. ಅಷ್ಟು ಕಾಫಿಯನ್ನು ಅವನು ಒಂದು ದಿನದಲ್ಲಿ ಎಂದೂ ಕುಡಿದಿರಲಿಲ್ಲ.

ವಿಚಾರಣೆಯ ಹಿಂದಿನ ಸಂಜೆ ಅವನು ವಕೀಲನ ಜಗಲಿಗೆ ಬಂದ. ಕಾಫಿ ಬೇಕೇ ಎಂದು ವಕೀಲ ಕೇಳಿದ. ಗಿರಣಿಯವನು ಬೇಡವೆಂದು ಕೈ ಮುಗಿದ.

"ಯಾರೂ ಬರುವುದಿಲ್ಲ" ಎಂದ.

ವಕೀಲನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ನೀವೊಬ್ಬರು ಉಳಿದಿದ್ದೀರಿ" ಎಂದ ಗಿರಣಿಯವನು. "ವಕೀಲಿಯನ್ನು ಬೇರೆ ಯಾರಾದರೂ ಮಾಡಲಿ. ನೀವು ಸಾಕ್ಷಿ ಹೇಳಿ. ನಿಮ್ಮ ಒಂದು ಮಾತು ಇಬ್ಬರ ಮಾತಿಗೆ ಸಮ."

"ವಕೀಲನಾಗಿ ನಾಳೆ ನಿನ್ನನ್ನು ಧರ್ಮರಾಯ ಎಂದು ಬೇಕಾದರೂ ವಾದಿಸುತ್ತೇನೆ. ಸಾಕ್ಷಿಗೆ ಮಾತ್ರ ಕರೆಯಬೇಡ."

"ನಾನು ಹೊಡೆದೆ ಎಂದು ನಿಮಗೂ ಅನ್ನಿಸುತ್ತದೆಯೇ?"

"ಇಲ್ಲ. ನೀನು ಅವನನ್ನು ಹೊಡೆದಿಲ್ಲ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹೊಡೆದಿಲ್ಲ ಎನ್ನುವುದು ಬೇರೆ, ಹೊಡೆಯುವವನಲ್ಲ ಎಂದು ದೇವರ ಮೇಲೆ ಆಣೆ ಇಡುವುದು ಬೇರೆ."

"ನಾನು ಯಾರ ಮೇಲೆ ಕೈ ಎತ್ತಿದ್ದೇನೆ ಹೇಳಿ" ಎಂದ ಗಿರಣಿಯವನು.

"ನಮ್ಮ ತಾಯಿ ಒಂದು ಸಲ ನಿನ್ನ ಗಿರಣಿಯಲ್ಲಿ ತಿಳಿಯದೆ ಸರದಿ ಮೀರಿ ಡಬ್ಬ ಇಟ್ಟರು" ಎಂದ ವಕೀಲ. "ನೀನು ಅದನ್ನು ಎತ್ತಿ ಬೀದಿಗೆ ಎಸೆದೆ. ಜೋಳವೆಲ್ಲ ಮಣ್ಣಿಗೆ ಬಿತ್ತು. ಆ ಮುದುಕಿ ಬೀದಿಯಲ್ಲಿ ಕೂತು ಬಳಿದುಕೊಂಡಳು. ನೀನು ಗಿರಣಿ ನಿಲ್ಲಿಸಲಿಲ್ಲ. ಉಳಿದವರು ಡಬ್ಬ ಹಿಡಿದುಕೊಂಡು ನಿಂತಿದ್ದರು. ದರ್ಜಿ ಇದ್ದ. ಮೇಷ್ಟ್ರು ಇದ್ದರು."

ಗಿರಣಿಯವನು ನೆನಪು ಮಾಡಿಕೊಳ್ಳಲು ನೋಡಿದ. ಯಾವ ಡಬ್ಬ ಎಂದು ಹೊಳೆಯಲಿಲ್ಲ. ಎಸೆದವು ಹಲವಿದ್ದವು.

"ಅಷ್ಟು ಸಿಟ್ಟಿದ್ದರೆ ನನ್ನ ಕೇಸು ಯಾಕೆ ಹಿಡಿದಿರಿ?" ಎಂದು ಕೇಳಿದ.

"ಕೇಸು ಹಿಡಿಯಲು ನಾನು ನಿನ್ನನ್ನು ಮೆಚ್ಚಬೇಕಾಗಿಲ್ಲ. ಮನೆಗೆ ಹೋಗಿ ಮಲಗು. ನಾಳೆ ಕೋರ್ಟಿನಲ್ಲಿ ಬಾಯಿ ಬಿಡಬೇಡ."

ಅವನು ಮನೆಗೆ ಹೋದ. ಮಲಗಲಿಲ್ಲ.

ಮರುದಿನ ಕೋರ್ಟು ತುಂಬಿತ್ತು. ಸಾಕ್ಷಿ ಹೇಳಲು ಪುರುಸೊತ್ತಿಲ್ಲದವರೆಲ್ಲ ನೋಡಲು ಬಂದಿದ್ದರು. ಮಂಡಿನೋವಿನವರೂ ಮೆಟ್ಟಿಲು ಹತ್ತಿದ್ದರು. ಜವಾನ ಹೆಸರು ಕೂಗಿದಾಗ ಗಿರಣಿಯವನು ಕಟಕಟೆಗೆ ಹೋಗಿ ನಿಂತ.

ವಕೀಲ ಹಮಾಲನನ್ನು ಪ್ರಶ್ನಿಸತೊಡಗಿದ. ಯಾವ ಕೈಯಿಂದ ಹೊಡೆದ? ಸೇರು ಎಲ್ಲಿತ್ತು? ಹೊಡೆಯುವಾಗ ನೀನು ಯಾವ ಕಡೆಗೆ ಮುಖ ಮಾಡಿದ್ದೆ? ಹಮಾಲ ಮೊದಲು ಬಲಗೈ ಎಂದ, ಆಮೇಲೆ ಎಡಗೈ ಎಂದ. ಹಿಂದಿನಿಂದ ಹೊಡೆದ ಎಂದ. ಹಿಂದಿನಿಂದ ಹೊಡೆದರೆ ಗಾಯ ಹಣೆಗೆ ಹೇಗೆ ಬಂತು ಎಂದು ವಕೀಲ ಕೇಳಿದ. ಹಮಾಲ ಹಣೆಯನ್ನು ಮುಟ್ಟಿ ನೋಡಿಕೊಂಡ. ನ್ಯಾಯಾಧೀಶರು ಪೆನ್ನನ್ನು ಕೆಳಗಿಟ್ಟರು.

ಆಗ ವಕೀಲ ಜನರತ್ತ ಕೈ ಮಾಡಿದ. "ಸ್ವಾಮಿ, ಇವನ ಸ್ವಭಾವ ಎಂಥದ್ದೆಂದು ಇಡೀ ಬೀದಿಗೆ ಗೊತ್ತು" ಎಂದ.

ಅಲ್ಲಿ ಯಾರೂ ಕೆಮ್ಮಲಿಲ್ಲ. ದರ್ಜಿ ತನ್ನ ಚಪ್ಪಲಿಯನ್ನು ನೋಡಿಕೊಂಡ. ಗಿರಣಿಯವನು ಕಟಕಟೆಯ ಮರವನ್ನು ಗಟ್ಟಿಯಾಗಿ ಹಿಡಿದುಕೊಂಡ. ಯಾರಾದರೂ ಒಬ್ಬರು ಎದ್ದು ನಿಂತು ಡಬ್ಬದ ಮಾತು ತೆಗೆದರೆ ಎಂದು ಹೆದರಿದ. ಯಾರೂ ಏಳಲಿಲ್ಲ.

ಆರೋಪ ಸಾಬೀತಾಗಿಲ್ಲ ಎಂದು ನ್ಯಾಯಾಧೀಶರು ಅವನನ್ನು ಬಿಟ್ಟರು.

ಹೊರಗೆ ದರ್ಜಿ ಓಡಿ ಬಂದು ಕೈ ಹಿಡಿದುಕೊಂಡ. "ನಮಗೆ ಮೊದಲೇ ಗೊತ್ತಿತ್ತು ಸಾಹುಕಾರರೇ" ಎಂದ. ಮೇಷ್ಟ್ರು ಬೆನ್ನು ತಟ್ಟಿದರು. ಕೇಸು ಸೋತ ಹಮಾಲ ಅವನ ಮುಂದೆಯೇ ಮೆಟ್ಟಿಲಿಳಿದು ಹೋಗುತ್ತಿದ್ದ. ಕೇಸು ಗೆದ್ದ ಗಿರಣಿಯವನು ಅವನ ಹಿಂದೆ ಅಷ್ಟೇ ಮೆಲ್ಲಗೆ ಇಳಿದ.

ಗುರು ಇಷ್ಟು ಹೇಳಿ ನಿಲ್ಲಿಸಿದರು.

"ಹಾಗಾದರೆ ನಾಳೆ ನೀವು ಬರುವುದಿಲ್ಲವೇ?" ಎಂದು ಶಿಷ್ಯ ಕೇಳಿದ.

"ಬರುತ್ತೇನೆ. ವಕೀಲನಾಗಿ ಬರಲೋ, ಸಾಕ್ಷಿಯಾಗಿ ಬರಲೋ, ನೀನೇ ಹೇಳು."