ಯಾರೂ ಓದದ ಮುಂತುದಿ

"ಕೇಳಿರಪ್ಪಾ ಕೇಳಿ! ರಾಣಿ ಚಂಡಲಾದೇವಿಯವರ ಮೂರು ಒಗಟಿಗೆ ಉತ್ತರ ಹೇಳಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಉರುಳುತ್ತದೆ!"

ಹಿರೇಬಾಗಿಲ ಪಟ್ಟಣದಲ್ಲಿ ಹೀಗೆ ಡಂಗುರ ಸಾರಿದಾಗ ದ್ಯಾವಣ್ಣ ಅರಮನೆಯ ಔಷಧಶಾಲೆಯ ಒಲೆಗೆ ಸೌದೆ ಒಟ್ಟುತ್ತಿದ್ದ. ಅವನ ಹೊಟ್ಟೆಯಲ್ಲಿ ಒಲೆಗಿಂತ ಹೆಚ್ಚಿನ ಬೆಂಕಿಯಿತ್ತು. ಅವನನ್ನು ಸಾಕಿ ಬೆಳೆಸಿದ ಅಕ್ಕ ತುಂಗವ್ವ ಸೆರೆಯಲ್ಲಿದ್ದಳು. ಇನ್ನು ಮೂರು ದಿನಕ್ಕೆ ಅವಳಿಗೆ ಶೂಲ.

ರಾಣಿ ಮಹಾ ಬುದ್ಧಿವಂತೆ, ಅಷ್ಟೇ ಕೆಟ್ಟ ಕೋಪದವಳು. ಆ ಕಾಲದಲ್ಲಿ ಸೂಕ್ಷ್ಮದರ್ಶಕ ಎಲ್ಲಿತ್ತು ಎಂದು ಕೇಳಿ ಕತೆ ಕೆಡಿಸಬೇಡಿ, ಇತ್ತು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳನ್ನು ಗಡಿಗೆಗಳಲ್ಲಿ ಸಾಕಿ, ಅವುಗಳಿಂದ ಜ್ವರದ ಮದ್ದು ಮಾಡಿಸಲು ಆಕೆ ಹೊರಟಿದ್ದಳು. ಮದ್ದು ಮಾಡುವ ಬಗೆಯನ್ನು ಬರೆದಿಟ್ಟ ಜೀನನ್ನು ತಾನೇ ಹುಡುಕಿದಳು. ಅದರ ಪ್ರತಿ ತೆಗೆದು ಬ್ಯಾಕ್ಟೀರಿಯಾಕ್ಕೆ ಸೇರಿಸುವ ಕೆಲಸವನ್ನು ಹಿರಿಯ ಪಂಡಿತ ಕೀರ್ತಿಸೇನನಿಗೆ ಒಪ್ಪಿಸಿದಳು. ವರ್ಷ ಕಳೆದರೂ ಒಂದು ತೊಟ್ಟು ಮದ್ದು ಬರಲಿಲ್ಲ. ಪಂಡಿತ ಗಡಿಗೆ ತೊಳೆಯುವ ತುಂಗವ್ವನ ಕಡೆ ಬೆರಳು ತೋರಿಸಿದ. "ಇವಳ ಕೊಳಕು ಗಡಿಗೆಯೇ ಕಾರಣ" ಎಂದ. ರಾಣಿ ನಂಬಿದಳು, ಸಭೆಯಲ್ಲಿ ತಾನೂ ಹಾಗೆಯೇ ಸಾರಿ ಅವಳಿಗೆ ಶೂಲ ವಿಧಿಸಿದಳು. ಔಷಧಶಾಲೆಗೆ ಹೊಸ ಯಜಮಾನನನ್ನು ಹುಡುಕಲು ಒಗಟುಗಳನ್ನೂ ಕಟ್ಟಿದಳು.

ಮೊದಲ ದಿನ ರೇಷ್ಮೆ ಶಾಲು ಹೊದ್ದ ಪರದೇಶದ ಪಂಡಿತನೊಬ್ಬ ಬಂದ.

"ಪ್ರತಿ ಬ್ಯಾಕ್ಟೀರಿಯಾದಲ್ಲೂ ಜೀನುಗಳ ಮೂಲಗ್ರಂಥದಿಂದ ಓಲೆಗಳು ನಕಲಾಗಿ ಹೊರಡುತ್ತವೆ" ಎಂದಳು ರಾಣಿ. "ಓಲೆಯ ಒಂದು ತುಂಡಿನಿಂದ ಯಾವ ಪದಾರ್ಥವೂ ತಯಾರಾಗುವುದಿಲ್ಲ. ಆದರೂ ಅದಿಲ್ಲದೆ ಕೆಲಸ ಶುರುವಾಗದು. ಏನದು?"

"ಏನೂ ತಯಾರಿಸದ ತುಂಡಿಗೆ ಹೆಸರೇಕೆ? ಅದು ಬರೀ ಕಸ" ಎಂದು ಪಂಡಿತ ನಕ್ಕ. ಆ ನಗು ಮುಗಿಯುವ ಮೊದಲೇ ಅವನ ತಲೆ ಹೋಯಿತು.

ಎರಡನೆಯ ದಿನ ಬಂದವನು ಮೊದಲನೆಯದನ್ನು ಹೇಗೋ ದಾಟಿದ, ಎರಡನೆಯದರಲ್ಲಿ ಎಡವಿದ. ಮೂರನೆಯ ದಿನ ಯಾರೂ ಬರಲಿಲ್ಲ. ಕೈಯ ಮಸಿ ಒರೆಸಿಕೊಳ್ಳುತ್ತ ದ್ಯಾವಣ್ಣ ಸಭೆಗೆ ಬಂದು ನಿಂತ.

"ಬೂದಿ ಬಾಚುವವನಿಗೂ ತಲೆ ಭಾರವಾಯಿತೇ?" ಎಂದ ಕೀರ್ತಿಸೇನ. ಸಭೆ ಗೊಳ್ಳೆಂದಿತು.

ರಾಣಿ ನಗಲಿಲ್ಲ. ಮೊದಲ ಒಗಟು ಕೇಳಿದಳು. ಗುರುವಾರಗಳಂದು ಆಕೆ ಔಷಧಶಾಲೆಯಲ್ಲಿ ಪಂಡಿತರಿಗೆ ಪಾಠ ಹೇಳುವಾಗ ಅವರು ತೂಕಡಿಸುತ್ತಿದ್ದರು. ಕೆಂಡ ಕೆದಕುತ್ತ ಕೇಳಿಸಿಕೊಳ್ಳುತ್ತಿದ್ದವನು ಇವನೊಬ್ಬನೇ.

"ಅದು ಎಂಆರ್‌ಎನ್‌ಎ ಓಲೆಯ ಮುಂತುದಿ, ತಾಯಿ. ಪ್ರೋಟೀನು ಮಾಡೋ ರೈಬೋಸೋಮು ಬಂದು ಮೊದ್ಲು ಕೂರೋದು ಅಲ್ಲೇ. ಅದನ್ನ ಓದಲ್ಲ. ಅಲ್ಲಿ ಕೂತು ಮುಂದಿಂದು ಓದ್ತದೆ. ಕೂರಕ್ಕೆ ಜಾಗ ಇಲ್ದಿದ್ರೆ ಕೆಲ್ಸ ಎಲ್ಲಿಂದ ಶುರುವಾಗ್ಬೇಕು?"

"ಜ್ವರದ ಬ್ಯಾಕ್ಟೀರಿಯಾ ತಣ್ಣಗಿರುವಲ್ಲಿ ಸಾಧು, ಮನುಷ್ಯನ ಮೈ ಹೊಕ್ಕರೆ ಕ್ರೂರಿ. ಅದರ ವಿಷದ ಓಲೆ ತಣ್ಣಗಿರುವಲ್ಲೂ ಇರುತ್ತದೆ, ಆದರೆ ಸುಮ್ಮನಿರುತ್ತದೆ. ಮೈ ಬಿಸಿಯಾಗಿದೆ ಎಂದು ಅದಕ್ಕೆ ಸುದ್ದಿ ಮುಟ್ಟಿಸುವವರು ಯಾರು?" ಎಂದು ರಾಣಿ ಎರಡನೆಯದನ್ನು ಕೇಳಿದಳು.

"ನಿನ್ನೆ ಬಂದೋರು ಯಾವ್ದೋ ಕಾವಲುಗಾರ ಅಂದ್ರು. ಯಾರೂ ಇಲ್ಲ ತಾಯಿ. ಚಳಿಗೆ ಆ ಮುಂತುದಿ ಮಡಿಸ್ಕೊಂಡು ಮುದುರಿರ್ತದೆ, ಕೂರೋ ಜಾಗ ಮಡಿಕೆ ಒಳಗೆ ಮುಚ್ಚೋಗಿರ್ತದೆ. ಬಿಸಿ ತಾಕಿದ್ರೆ ಮಡಿಕೆ ತಾನೇ ಬಿಚ್ಕೊಳ್ತದೆ."

ಸಭೆಯ ನಗು ಅಡಗಿತು. ರಾಣಿ ಸಿಂಹಾಸನದಲ್ಲಿ ಮುಂದಕ್ಕೆ ಬಾಗಿದಳು.

"ಬ್ಯಾಕ್ಟೀರಿಯಾಕ್ಕೆ ಬೇಕಾದ ಒಂದು ವಿಟಮಿನ್ ಇದೆ. ಅದು ಸಾಕಷ್ಟು ತುಂಬಿದ ಕೂಡಲೇ, ಅದನ್ನು ಮಾಡಿಸುವ ಓಲೆಯ ಕೆಲಸ ನಿಲ್ಲುತ್ತದೆ. ನಿಲ್ಲಿಸುವವರು ಯಾರು?"

ಈ ಪಾಠ ನಡೆದ ಗುರುವಾರ ದ್ಯಾವಣ್ಣ ಸೌದೆ ತರಲು ಹೋಗಿದ್ದ, ಅದನ್ನು ಕೇಳಿರಲಿಲ್ಲ. ಕಟುಕ ಕತ್ತಿ ಒರೆಸಿಕೊಂಡ. ಅಕ್ಕನ ಮುಖ ಕಣ್ಣಮುಂದೆ ಬಂತು. ಅವನು ಹಿಂದಿನ ಒಗಟನ್ನೇ ತಿರುಗಿ ನೆನೆದ. ಬಿಸಿಯ ಸುದ್ದಿಯನ್ನು ಬಿಸಿಯೇ ತಂದಿತ್ತು, ನಡುವೆ ಯಾರೂ ಇರಲಿಲ್ಲ. ಹಾಗಿದ್ದ ಮೇಲೆ ಇಲ್ಲಿ ಮಾತ್ರ ಏಕೆ ಇರಬೇಕು?

"ಆ ವಿಟಮಿನ್ನೇ, ತಾಯಿ" ಎಂದ, ಅಳುಕುತ್ತಲೇ. "ಹೆಚ್ಚಾಗಿದ್ದು ಹೋಗಿ ಮುಂತುದೀನೇ ಹಿಡ್ಕೊಳ್ತದೆ. ಹಿಡ್ಕೊಂಡ್ರೆ ಅದು ಬೇರೆ ಥರ ಮಡಿಸ್ಕೊಳ್ತದೆ, ಬಾಗ್ಲು ಮುಚ್ಚೋಯ್ತದೆ."

"ಮೂರೂ ಸರಿ" ಎಂದಳು ರಾಣಿ. "ಬೇಡಿಕೋ."

"ನಮ್ಮಕ್ಕನ್ನ ಬಿಡಿ. ಆಮೇಲೆ ಪಂಡಿತರನ್ನ ಒಂದ್ ಮಾತು ಕೇಳ್ಬೇಕು." ದ್ಯಾವಣ್ಣ ಕೀರ್ತಿಸೇನನತ್ತ ತಿರುಗಿದ. "ಬುದ್ಧಿ, ನೀವು ತೆಗೆದ ಪ್ರತೀಲಿ ಮುಂತುದಿ ಇತ್ತಾ?"

"ಮೂರ್ಖ!" ಪಂಡಿತ ಮೂಗು ಮುರಿದ. "ಪಾರಾಯಣಕ್ಕೆ ಬಾರದ್ದನ್ನು ಕತ್ತರಿಸಿಯೇ ಪ್ರತಿ ತೆಗೆಯುವುದು ನಮ್ಮ ಮನೆತನದ ಪದ್ಧತಿ. ಹತ್ತು ತಲೆಮಾರಿನಿಂದ ಒಂದು ಅಂಚನ್ನೂ ಉಳಿಸಿಲ್ಲ. ಇದನ್ನೂ ನಾನೇ ಕತ್ತರಿಸಿದೆ."

ಹೆಮ್ಮೆಯಿಂದ ಹೇಳಿ ಮುಗಿಸಿದ ಮೇಲೆ ಸುತ್ತ ನೋಡಿದ. ಪ್ರತಿಯಲ್ಲೇ ಮುಂತುದಿ ಇಲ್ಲದಿದ್ದರೆ ಅದರಿಂದ ಹುಟ್ಟುವ ಓಲೆಗೆ ಎಲ್ಲಿಂದ ಬರಬೇಕು? ರೈಬೋಸೋಮಿಗೆ ಕೂರಲು ಜಾಗವಿಲ್ಲ, ಗಡಿಗೆಯಲ್ಲಿ ಮದ್ದಿಲ್ಲ. ಪಂಡಿತನ ಮುಖ ನಿಧಾನವಾಗಿ ಕಪ್ಪಿಟ್ಟಿತು.

"ನಾನು ಮುಂತುದಿ ಸಮೇತ ಕೊಟ್ಟಿದ್ದೆ" ಎಂದಳು ರಾಣಿ, ತಣ್ಣಗೆ. "ಆ ಹೆಂಗಸನ್ನು ಕರೆತನ್ನಿ. ಅವಳ ಕೋಣೆಗೆ ಇವನನ್ನು ಹಾಕಿ. ದ್ಯಾವಣ್ಣ, ಇಂದಿನಿಂದ ಔಷಧಶಾಲೆ ನಿನ್ನದು."

ತುಂಗವ್ವನನ್ನು ಕರೆತಂದರು. ಕೈಯಲ್ಲಿ ಸಂಕೋಲೆಯ ಗಾಯ ಹಸಿಯಾಗಿತ್ತು. ತಮ್ಮ ಓಡಿಬಂದು ಕಾಲು ಹಿಡಿದ. ಅವಳು ಅವನ ತಲೆ ನೇವರಿಸಿದಳು, ಆದರೆ ಕಣ್ಣು ರಾಣಿಯ ಮೇಲೇ ಇತ್ತು.

"ನೀನು ಹೋಗಬಹುದು" ಎಂದಳು ರಾಣಿ.

"ಹೋಗಲ್ಲ ತಾಯಿ. ಇಪ್ಪತ್ತು ವರ್ಷ ಗಡಿಗೆ ತೊಳ್ದಿದೀನಿ. ಕೊಳಕಿತ್ತು ಅಂತ ಇದೇ ಸಭೇಲಿ ಅಂದ್ರಿ. ಅದನ್ನ ನೀವೇ ವಾಪಸ್ ತಗೋಬೇಕು."

ಕಟುಕನ ಕೈ ಕತ್ತಿಯತ್ತ ಹೋಯಿತು. ರಾಣಿ ಅವನನ್ನು ಕಣ್ಣಲ್ಲೇ ತಡೆದಳು. ತುಟಿ ಬಿಗಿದಿತ್ತು.

"ಗಡಿಗೆ ಕೊಳಕಾಗಿರಲಿಲ್ಲ" ಎಂದಳು, ಗಂಟಲೊಳಗೇ.

"ಎಲ್ರಿಗೂ ಕೇಳೋ ಹಂಗೆ" ಎಂದಳು ತುಂಗವ್ವ.

ರಾಣಿ ಎದ್ದು ನಿಂತು ಇನ್ನೊಮ್ಮೆ ಹೇಳಿದಳು, ಬಾಗಿಲಾಚೆಯವರಿಗೂ ಕೇಳುವಂತೆ.